ಒಂದು ಚಿಟಿಕೆ ಕೆಂಗೂದಲು

“ಗುರುಗಳೇ, ಬಿಳಿ ಕರುವಿಗೆ ಮೂವತ್ತೆಂಟು ಸಾವಿರ, ಕೆಂದ ಕರುವಿಗೆ ಒಂಬತ್ತು ಸಾವಿರ. ಎರಡಕ್ಕೂ ಇರುವುದು ನಾಲ್ಕೇ ಕಾಲು. ಈ ಜನರಿಗೆ ಕಣ್ಣಿದೆಯೋ ಇಲ್ಲವೋ?”

ಶಿಷ್ಯ ಚನ್ನವೀರ ಹೀಗೆ ಕೇಳಿ, ಹೆಗಲ ವಸ್ತ್ರವನ್ನು ನೆಲಕ್ಕೆ ಹಾಕಿ ಕೂತ. ಅಂದು ಮಠದಲ್ಲಿ ಹರಕೆ ಕರುಗಳ ಹರಾಜು. ಭಕ್ತರು ಹರಕೆ ಹೊತ್ತು ತಂದುಬಿಟ್ಟ ಕರುಗಳನ್ನು ಮಠ ವರ್ಷಕ್ಕೊಮ್ಮೆ ಸವಾಲು ಕೂಗಿ ಕೊಡುತ್ತಿತ್ತು. ಸವಾಲು ನಡೆಸುವ ಕೆಲಸ ಹದಿನಾಲ್ಕು ವರ್ಷದಿಂದ ಚನ್ನವೀರನದು. ಬೆಳಗಿನಿಂದ ಕೂಗಿ ಅವನ ಗಂಟಲು ಕಟ್ಟಿತ್ತು.

“ಕಣ್ಣಿದೆ. ಇಲ್ಲದಿದ್ದರೆ ಬಣ್ಣ ಹೇಗೆ ಕಾಣುತ್ತಿತ್ತು?” ಎಂದರು ಗುರುಗಳು. ಪ್ರತಿ ಹರಾಜಿನ ಸಂಜೆಯೂ ಶಿಷ್ಯ ಇದೇ ಪ್ರಶ್ನೆ ಕೇಳುತ್ತಿದ್ದ. ಉತ್ತರ ಹೇಳಿ ಹೇಳಿ ಗುರುಗಳಿಗೆ ಸಾಕಾಗಿತ್ತು.

“ತಳಿ ನೋಡಲಿ, ಬೇಡ ಅನ್ನುವುದಿಲ್ಲ. ಹಳ್ಳಿಕಾರ್ ಆದರೆ ಗಾಡಿಗೂ ಬರುತ್ತದೆ, ನೇಗಿಲಿಗೂ ಬರುತ್ತದೆ. ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಲಿ. ಆದರೆ ಬಿಳಿ ಎಂದರೆ ಲಕ್ಷ್ಮಿಯಂತೆ, ಮಚ್ಚೆ ಇದ್ದರೆ ಮನೆಗೆ ಆಗಿಬರುವುದಿಲ್ಲವಂತೆ, ಹಣೆಯಲ್ಲಿ ಬೊಟ್ಟಿದ್ದರೆ ಯಜಮಾನನಿಗೆ ಕೇಡಂತೆ. ಇವತ್ತು ಒಬ್ಬ ಕರುವಿನ ಬಾಲ ಎತ್ತಿ ನೋಡಿ, ‘ಕುಚ್ಚು ಕರಿದಾಗಿದ್ದರೆ ಇನ್ನೊಂದು ಸಾವಿರ ಕೊಡುತ್ತಿದ್ದೆ’ ಎಂದ. ಹೊಲ ಉಳುವುದು ಬಾಲವೇ, ಗುರುಗಳೇ?”

“ಕೆಂದ ಕರುವಿಗೆ ಒಂಬತ್ತರ ಮೇಲೆ ಯಾರೂ ಕೂಗಲಿಲ್ಲವೇ?”

“ಒಬ್ಬ ಕೂಗಿದ. ಇಪ್ಪತ್ತೊಂದಕ್ಕೆ. ಅದನ್ನು ನಾನು ಹಿಡಿಯಲಿಲ್ಲ.”

“ಯಾಕೆ?”

“ಅವನು ಪಾಲಯ್ಯ, ಅದಕ್ಕೆ. ಹನ್ನೆರಡು ವರ್ಷದ ಹಿಂದೆ ಮಠದ ಕರು ಒಯ್ದಿದ್ದ. ನೊಗ ಹೂಡುವವರೆಗೆ ಕರುವನ್ನು ಮಾರಕೂಡದು ಎಂದು ಮಠದ ಕಟ್ಟಳೆ. ಎಂಟೇ ದಿನಕ್ಕೆ ದಲ್ಲಾಳಿಗೆ ಮಾರಿದ. ಅದು ಎಲ್ಲಿಗೆ ಹೋಯಿತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ‘ಒಳ್ಳೆಯವನು, ಕೊಡಬಹುದು’ ಎಂದು ಅವನ ಪರವಾಗಿ ನಿಂತವನು ನಾನೇ. ಇವತ್ತು ಏನೂ ಆಗಿಲ್ಲವೆಂಬಂತೆ ಬಂದು ಕೈ ಎತ್ತುತ್ತಾನೆ. ಕೇಳಿಸಲೇ ಇಲ್ಲ ಎಂಬಂತೆ ನಾನು ಮುಂದಿನ ಕರುವಿನ ಹಗ್ಗ ಹಿಡಿದೆ. ಆಮೇಲೆ ಹೋಗು ಎಂದೂ ಹೇಳಿದೆ. ಹೋಗಲಿಲ್ಲ. ಹೊರಗಿನ ಜಗಲಿಯ ಮೇಲೆ ಇನ್ನೂ ಕೂತಿದ್ದಾನೆ.”

“ಕೆಂದ ಕರು?”

“ಉಳಿಯಿತು. ಒಂಬತ್ತು ಕೂಗಿದವನೂ ಆಮೇಲೆ ಬೇಡ ಎಂದ. ನಾಳೆ ಬೆಳಿಗ್ಗೆ ಲಾರಿಯವನು ಬರುತ್ತಾನಲ್ಲ, ಉಳಿದದ್ದನ್ನೆಲ್ಲ ಒಟ್ಟಿಗೆ ಒಯ್ಯುವವನು, ಅವನಿಗೆ ಕೊಟ್ಟುಬಿಡುತ್ತೇನೆ. ಎಲ್ಲಿಗೆ ಒಯ್ಯುತ್ತೀಯ ಎಂದು ಅವನನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ. ಜನವೇ ಹೀಗಿದ್ದರೆ ನಾನೊಬ್ಬ ಏನು ಮಾಡಲಿ?”

ಗುರುಗಳು ಒಮ್ಮೆ ಕಣ್ಣು ಮುಚ್ಚಿ ತೆರೆದರು. “ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ,” ಎಂದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನು ರೈತನಾಗಿ ಹೆಚ್ಚು ದಿನವಾಗಿರಲಿಲ್ಲ. ಅವನ ಅಪ್ಪ, ತಾತ, ಮುತ್ತಾತ ಎಲ್ಲರೂ ಕಂಬಳಿ ನೇಯ್ದವರು. ನೇಯುವವರಲ್ಲಿ ಒಂದು ಪದ್ಧತಿಯಿತ್ತು. ಅರ್ಧ ಕಂಬಳಿ ಮಗ್ಗದ ಮೇಲಿರುವಾಗ ಉಣ್ಣೆ ಮುಗಿದರೆ, ಅದರದೇ ಒಂದು ಚಿಟಿಕೆಯನ್ನು ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡು ಸಂತೆಗೆ ಹೋಗುವುದು. ಅಲ್ಲಿ ಸಿಗುವ ಉಣ್ಣೆಯ ಪಕ್ಕ ಹಿಡಿದು ನೋಡುವುದು. ಬಣ್ಣ ಕೂಡಿದರೆ ಕೊಳ್ಳುವುದು, ಇಲ್ಲವಾದರೆ ಬರಿಗೈಯಲ್ಲಿ ಹಿಂತಿರುಗುವುದು. ಬಣ್ಣ ಒಂದಿಷ್ಟು ಹೆಚ್ಚುಕಡಿಮೆಯಾದರೂ ಕಂಬಳಿಯ ನಡುವೆ ಗೆರೆ ಬೀಳುತ್ತದೆ. ಗೆರೆ ಬಿದ್ದ ಕಂಬಳಿ ನಾಯಿಗೆ ಹಾಸಲು ಮಾತ್ರ ಸರಿ.

ಈ ರೈತ ಆ ವಿದ್ಯೆಯಲ್ಲಿ ಗಟ್ಟಿಗ. ನಾವು ನೀವು ಕಪ್ಪು ಎಂದು ಒಂದೇ ಮಾತಿನಲ್ಲಿ ಮುಗಿಸುವ ಕಡೆ ಅವನಿಗೆ ಏಳು ಕಪ್ಪು ಕಾಣುತ್ತಿತ್ತು.

ಅವನು ನಾಲ್ಕು ಎಕರೆ ಹೊಲ ಹಿಡಿದ. ಎತ್ತು ಇರಲಿಲ್ಲ. ಬಾಡಿಗೆ ಎತ್ತಿನಲ್ಲಿ ಉಳಬೇಕು. ಎತ್ತಿನವರು ತಮ್ಮ ಹೊಲ, ತಮ್ಮ ನೆಂಟರ ಹೊಲ, ನೆಂಟರ ನೆಂಟರ ಹೊಲ ಮುಗಿಸಿ ಇವನಲ್ಲಿಗೆ ಬರುವ ಹೊತ್ತಿಗೆ ಮಣ್ಣಿನ ಹದ ಆರಿರುತ್ತಿತ್ತು. ಊರಿನವರ ಪೈರು ಮೊಣಕಾಲುದ್ದ ಇದ್ದಾಗ ಇವನದು ಗೇಣುದ್ದ. ‘ನಮ್ಮದೇ ಒಂದು ಜೋಡಿ ಆಗುವವರೆಗೆ ಈ ಹೊಲ ಇದ್ದೂ ಒಂದೇ, ಇಲ್ಲದೆಯೂ ಒಂದೇ’ ಎಂದು ಹೆಂಡತಿ ಹೇಳಿದಳು. ಅವಳು ನೇಯ್ಗೆ ಬಿಟ್ಟಿರಲಿಲ್ಲ. ಹಾಗಾಗಿ ಮನೆ ನಡೆಯುತ್ತಿತ್ತು.

ಒಂದು ಹಸು ತಂದರು. ಒಳ್ಳೆಯ ತಳಿ. ಅದು ಹೋರಿಗರು ಹಾಕಿತು. ಕರು ಹಳೆ ಬೆಲ್ಲದ ಬಣ್ಣಕ್ಕಿತ್ತು.

ಅರ್ಧ ಜೋಡಿ ಆಯಿತು. ಇನ್ನರ್ಧ ಕೊಳ್ಳಬೇಕು. ಜೋಡಿ ಎಂದರೆ ತಳಿ ಒಂದಾಗಬೇಕು, ಎತ್ತರ ಒಂದಾಗಬೇಕು, ಬಣ್ಣ ಒಂದಾದರೆ ಚೆಂದ. ರೈತ ಕೊನೆಯದನ್ನೇ ಮೊದಲು ಹಿಡಿದ. ಕರು ಹುಟ್ಟಿದ ಐದನೆಯ ದಿನ ಅದರ ತೊಡೆಯಿಂದ ಒಂದು ಚಿಟಿಕೆ ಕೂದಲು ಕತ್ತರಿಸಿದ. ನೂಲು ಸುತ್ತಿದ. ಸಂಚಿಯಲ್ಲಿ ಇಟ್ಟುಕೊಂಡ.

ಆ ತಳಿಯ ಕರುಗಳು ಕೆಂದಾಗಿ ಹುಟ್ಟಿ, ವರ್ಷ ತುಂಬುವುದರೊಳಗೆ ಬೆಳ್ಳಗಾಗುತ್ತವೆ. ದನ ಕಟ್ಟಿದ ಮನೆಯಲ್ಲಿ ಇದು ಕೂಸುಗಳಿಗೂ ಗೊತ್ತು. ಕುರಿಯ ಉಣ್ಣೆ ಮಾತ್ರ ಬಲ್ಲ ಇವನಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿರಲಿಕ್ಕಿಲ್ಲ ಎಂದು ಯಾರಿಗೂ ತೋಚಲಿಲ್ಲ.

ಕರುವಿಗೆ ಮೂರು ತಿಂಗಳಾದಾಗ ಪೇಟೆಯಲ್ಲಿ ಕರುಗಳ ಹರಾಜು ನಡೆಯಿತು. ರೈತ ಹೋದ. ಬೆಳ್ಳಗಿದ್ದ ಕರುಗಳಿಗೆ ಸಾಹುಕಾರರು ಮೇಲೆ ಮೇಲೆ ಕೂಗಿದರು. ಅವರಿಗೆ ಬೇಕಾದದ್ದು ಗಾಡಿ ಹೋಗುವಾಗ ಬೀದಿಯವರು ತಿರುಗಿ ನೋಡುವುದು. ದನ ಬಲ್ಲವರು ಕೂಗಾಟಕ್ಕೆ ಹೋಗಲಿಲ್ಲ. ಮೂಲೆಯಲ್ಲಿದ್ದ ಕೆಂದ ಎಳೆಗರುಗಳ ಕಿವಿ ನೋಡಿದರು, ಗೊರಸು ನೋಡಿದರು, ಭುಜದ ಡುಬ್ಬ ಮುಟ್ಟಿ ನೋಡಿದರು. ತಳಿ ತಿಳಿದು ಅರ್ಧ ಬೆಲೆಗೆ ಹಿಡಿದುಕೊಂಡು ಹೋದರು.

ಅಂಥದೇ ಒಂದು ಕೆಂದ ಕರು ರೈತನ ಎದುರಿಗೆ ಬಂತು. ಅದೇ ತಳಿ. ಹೆಚ್ಚುಕಡಿಮೆ ಅದೇ ವಯಸ್ಸು. ಬೆಲೆಯೂ ಇವನ ಕೈಗೆ ಎಟುಕುವಷ್ಟು. ರೈತ ಸಂಚಿ ಬಿಚ್ಚಿ, ಕೂದಲು ತೆಗೆದು, ಕರುವಿನ ಮೈಗೆ ಹಿಡಿದು ನೋಡಿದ.

‘ಬೇಡ. ಇದು ಹೊಸ ಬೆಲ್ಲ. ನಮ್ಮದು ಹಳೆ ಬೆಲ್ಲ,’ ಎಂದ.

‘ಎರಡೂ ಸಿಹಿಯೇ ಕಣಯ್ಯ,’ ಎಂದ ಸವಾಲು ಕೂಗುವವನು.

ರೈತ ನಗಲಿಲ್ಲ. ಒಬ್ಬ ಮುದುಕ ದನಗಾಹಿ ಆ ಕರುವನ್ನು ಕೊಂಡ.

ರೈತನ ಕರು ಬೆಳೆಯಿತು. ಅದರ ಮೈ ತೊಳೆಯುವವಳು ಹೆಂಡತಿ. ಅದು ಅವಳ ಸೆರಗು ತಿನ್ನುತ್ತಿತ್ತು, ಗಂಡನ ಕೈ ನೆಕ್ಕುತ್ತಿತ್ತು. ಬೇಸಿಗೆಯಲ್ಲಿ ಅವಳು ‘ಕರು ಬೆಳ್ಳಗಾಗುತ್ತಿದೆ, ನೋಡು’ ಎಂದಳು. ‘ಬಿಸಿಲಿಗೆ ಹಾಗೆ ಕಾಣುತ್ತದೆ’ ಎಂದ. ಮಳೆಗಾಲದಲ್ಲಿ ಮತ್ತೆ ಹೇಳಿದಳು. ‘ಮೋಡಕ್ಕೆ ಹಾಗೆ ಕಾಣುತ್ತದೆ’ ಎಂದ. ಮೂರನೆಯ ಸಲ ಅವಳು ಹೇಳಲಿಲ್ಲ. ಅವರ ಮದುವೆಯಾಗಿ ಹತ್ತು ವರ್ಷವಾಗಿತ್ತು.

“ಅವನಿಗೇ ಕಾಣುತ್ತಿರಲಿಲ್ಲವೇ, ಗುರುಗಳೇ? ದಿನಾ ಕಣ್ಣೆದುರಿಗೇ ಇತ್ತಲ್ಲ.”

“ದಿನಾ ಕಣ್ಣೆದುರಿಗೆ ಇರುವುದನ್ನು ಯಾರು ನೋಡುತ್ತಾರೆ? ಬಾಯಿ ಹಾಕಬೇಡ ಅಂದೆ.”

ಮರುವರ್ಷ ಮತ್ತೆ ಹರಾಜು ಬಂತು. ಕರುವಿಗೆ ಆಗ ಹದಿನೈದು ತಿಂಗಳು. ಈ ಸಲ ಜೊತೆ ಸಿಗದಿದ್ದರೆ ಎರಡನ್ನೂ ಕೂಡಿಸಿ ಪಳಗಿಸುವ ಕಾಲ ಮೀರುತ್ತದೆ. ಹೆಂಡತಿ ಎರಡು ವರ್ಷ ನೇಯ್ದ ಕಂಬಳಿಗಳ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು ರೈತ ನಸುಕಿನಲ್ಲಿ ಹೊರಟ. ಕೂದಲು ಸಂಚಿಯಲ್ಲಿತ್ತು.

ಹರಾಜಿನ ಕೊನೆಯ ಸಾಲಿನಲ್ಲಿ ಒಂದು ಕರು ನಿಂತಿತ್ತು. ವರ್ಷ ದಾಟಿದ್ದರೂ ಕೆಂದಾಗಿಯೇ ಇತ್ತು. ಯಾರೂ ಅದರ ಹತ್ತಿರ ಸುಳಿದಿರಲಿಲ್ಲ. ರೈತ ಕೂದಲು ಹಿಡಿದು ನೋಡಿದ. ಬೆಳಕಿಗೆ ತಿರುಗಿಸಿ ನೋಡಿದ. ನೆರಳಿಗೆ ತಂದು ನೋಡಿದ. ಗೆರೆ ಇರಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕೂಡಿದ ಬಣ್ಣವನ್ನು ಅವನು ಕಂಡಿರಲಿಲ್ಲ.

ಹೋದ ವರ್ಷದ ಮುದುಕ ದನಗಾಹಿ ಪಕ್ಕದಲ್ಲೇ ಇದ್ದ. ಅವನೂ ತನ್ನ ಕರುವಿಗೆ ಜೊತೆ ಹುಡುಕಿಕೊಂಡು ಬಂದಿದ್ದ. ನೋಡಲಾರದೆ ಹೇಳಿದ.

‘ತಮ್ಮಾ, ಇದು ಬೆರಕೆ. ಈ ವಯಸ್ಸಿಗೆ ಇಷ್ಟು ಕೆಂದಾಗಿದ್ದರೆ ಸಾಯುವವರೆಗೂ ಕೆಂದೇ. ಭುಜ ಮುಟ್ಟಿ ನೋಡು, ಡುಬ್ಬವೇ ಇಲ್ಲ. ನೊಗ ಎಲ್ಲಿ ಕೂರಬೇಕು?’

‘ನನ್ನ ಕರುವಿಗೆ ಇದೇ ಜೋಡಿ, ಅಜ್ಜಾ. ಕೂದಲು ತಂದಿದ್ದೇನೆ, ನೀನೇ ನೋಡು.’

‘ಯಾವಾಗ ಕತ್ತರಿಸಿದ್ದು?’

‘ಕೂದಲಿಗೂ ತಾರೀಕು ಕೇಳುತ್ತೀಯಲ್ಲ. ನನ್ನ ಕರುವಿನದು, ನನ್ನ ಕೈಯಾರೆ ಕತ್ತರಿಸಿದ್ದು.’

‘ಹಾಗಾದರೆ ಮನೆಗೆ ಹೋಗಿ ಒಂದು ಸಲ ಕರುವಿಗೇ ಹಿಡಿದು ನೋಡಿ ಬಾ. ಇದನ್ನು ಯಾರೂ ಒಯ್ಯುವುದಿಲ್ಲ. ಅದಕ್ಕೆ ನಾನು ಜವಾಬ್ದಾರಿ.’

‘ಕಂಬಳಿ ಹೊತ್ತುಕೊಂಡು ಉಣ್ಣೆ ಕೊಳ್ಳಲು ಬರುವವರುಂಟೇ, ಅಜ್ಜಾ? ಚಿಟಿಕೆ ತರುವುದು ಯಾತಕ್ಕೆ ಮತ್ತೆ?’

ಮುದುಕ ಕೈ ಮುಗಿದು ಆ ಕಡೆ ಹೋದ. ಅವನಿಗೂ ವಯಸ್ಸಾಗಿತ್ತು.

ಈ ಮಾತನ್ನು, ಆ ಕರುವನ್ನು ಮಾರಿಸಲು ಬಂದಿದ್ದ ಒಬ್ಬ ದಲ್ಲಾಳಿ ಕೇಳಿಸಿಕೊಂಡ. ಕೂದಲು ಹಿಡಿದು ಬಂದವನು ಬರಿಗೈಯಲ್ಲಿ ಹೋಗುವುದಿಲ್ಲ ಎಂದು ಅವನಿಗೆ ತಿಳಿಯಿತು. ಸವಾಲು ಶುರುವಾಯಿತು. ರೈತ ಕೂಗಿದ. ದಲ್ಲಾಳಿ ಅದರ ಮೇಲೆ ಕೂಗಿದ. ರೈತ ಏರಿಸಿದ. ದಲ್ಲಾಳಿ ಆಕಳಿಸುತ್ತಾ ಇನ್ನಷ್ಟು ಏರಿಸಿದ. ಬೆರಕೆ ಕರುವಿನ ಬೆಲೆ ಒಳ್ಳೆಯ ತಳಿಯ ಕೆಂದ ಕರುವಿನ ಬೆಲೆಯನ್ನು ದಾಟಿತು. ಆಮೇಲೆ ಬಿಳಿ ಕರುವಿನ ಬೆಲೆಯನ್ನೂ ದಾಟಿತು. ಜನ ತಮ್ಮ ಕರುಗಳನ್ನು ಬಿಟ್ಟು ನೋಡಲು ಬಂದರು. ಸೊಂಟದ ಗಂಟು ಖಾಲಿಯಾದಾಗ ದಲ್ಲಾಳಿ ನಿಲ್ಲಿಸಿದ. ಕರು ರೈತನಿಗೆ ಸಿಕ್ಕಿತು. ‘ಈ ಜನ ಬರೀ ಬಿಳುಪಿಗೆ ದುಡ್ಡು ಸುರಿಯುತ್ತಾರೆ. ಇವರಿಗೆ ನೋಡಲು ಬರುವುದಿಲ್ಲ’ ಎಂದುಕೊಳ್ಳುತ್ತಾ ಅವನು ಊರ ದಾರಿ ಹಿಡಿದ.

ಮನೆಯ ಮುಂದೆ ಹೆಂಡತಿ ನಿಂತಿದ್ದಳು.

‘ಇದೇನು?’

‘ನಮ್ಮದಕ್ಕೆ ಜೋಡಿ.’

ಅವಳು ಕೆಂದ ಕರುವನ್ನು ನೋಡಿದಳು. ಗೂಟದಲ್ಲಿದ್ದ ಬಿಳಿ ಕರುವನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

‘ಯಾವ ನಮ್ಮದಕ್ಕೆ?’

ರೈತ ಕರುಗಳನ್ನು ಅಕ್ಕಪಕ್ಕ ನಿಲ್ಲಿಸಿದ. ಕೊಂಡು ತಂದ ಕರುವಿಗೆ ಕೂದಲು ಹಿಡಿದ. ಕೂಡಿತು. ಮನೆಯ ಕರುವಿಗೆ ಹಿಡಿದ. ಕೂಡಲಿಲ್ಲ. ಮತ್ತೆ ಹಿಡಿದ. ಹಗಲಿಗೂ ರಾತ್ರಿಗೂ ಇರುವಷ್ಟು ದೂರ. ಅವನು ಬಹಳ ಹೊತ್ತು ಯೋಚಿಸಿದ. ಕೊನೆಗೆ ತಿಳಿಯಿತು.

‘ಯಾರೋ ನಮ್ಮ ಕರು ಬದಲಿಸಿದ್ದಾರೆ,’ ಎಂದ.

ಹೆಂಡತಿ ಅಲ್ಲೇ ಕೂತುಬಿಟ್ಟಳು.

ರೈತ ಊರ ಗೌಡನಲ್ಲಿಗೆ ಹೋಗಿ ದೂರು ಕೊಟ್ಟ. ಗೌಡ ಎಲ್ಲ ಕೇಳಿದ. ‘ನಿನ್ನ ಕೆಂದ ಕರು ಕದ್ದು, ಅದೇ ಗೂಟಕ್ಕೆ ಅಪ್ಪಟ ತಳಿಯ ಬಿಳಿ ಕರು ಕಟ್ಟಿ ಹೋದನೇ? ಸಿಕ್ಕರೆ ಅವನನ್ನು ನಮ್ಮ ಕೊಟ್ಟಿಗೆಗೂ ಕಳಿಸಪ್ಪಾ. ನಮ್ಮಲ್ಲಿ ನಾಲ್ಕು ಕೆಂದವಿವೆ,’ ಎಂದ. ಅಲ್ಲಿದ್ದವರೆಲ್ಲ ನಕ್ಕರು. ‘ನಿಮ್ಮ ಕರು ಹೋಗಿದ್ದರೆ ನಗು ಬರುತ್ತಿರಲಿಲ್ಲ’ ಎಂದು ರೈತ ಎದ್ದುಬಂದ.

ಇಷ್ಟು ಹೇಳಿ ಇದೊಂದು ಹೇಳದಿದ್ದರೆ ತಪ್ಪಾಗುತ್ತದೆ. ಅವನು ಪ್ರಾಮಾಣಿಕ. ಇನ್ನೊಬ್ಬರ ಕರು ತನ್ನ ಮನೆಯಲ್ಲಿರುವುದು ಅವನಿಗೆ ಸರಿ ಕಾಣಲಿಲ್ಲ. ಅಡ್ಡಾಡುವ ದನಗಳನ್ನು ಕೂಡುವ ದೊಡ್ಡಿಗೆ ಬಿಳಿ ಕರುವನ್ನು ಒಯ್ದು, ‘ನಮ್ಮದಲ್ಲ’ ಎಂದು ಬರೆಸಿ ಬಂದ. ಕರು ಬೇಲಿ ಹಾರಿ, ಅವನಿಗಿಂತ ಮೊದಲೇ ಮನೆ ಸೇರಿ, ಗೂಟದ ಹತ್ತಿರ ನಿಂತಿತ್ತು. ಮಾರನೆಯ ದಿನ ಮತ್ತೆ ಒಯ್ದ. ಮತ್ತೆ ಬಂತು. ಬಂದು ಅವನ ಕೈ ನೆಕ್ಕಿತು. ಅವನು ಕೈ ಒರೆಸಿಕೊಂಡು, ಕೂದಲು ತೆಗೆದು ಇನ್ನೊಮ್ಮೆ ಹಿಡಿದು ನೋಡಿದ.

‘ಕರುವಿಗೆ ಮನೆ ಗೊತ್ತು. ನಿನಗೆ ಕರು ಗೊತ್ತಿಲ್ಲ. ನಾನು ಯಾರ ಕಾಲು ಹಿಡಿಯಲಿ?’ ಎಂದಳು ಹೆಂಡತಿ.

‘ಸುಳ್ಳು ಹೇಳಲು ಇದೇನು ಮನುಷ್ಯನೇ?’ ಎಂದು ಅವನು ಕೂದಲನ್ನು ತೋರಿಸಿದ.

ಮೂರನೆಯ ಸಲ ದೊಡ್ಡಿಯವನು ಕರುವನ್ನು ಸರಪಳಿಯಲ್ಲಿ ಕಟ್ಟಿದ. ಹೆಂಡತಿ ಒಬ್ಬಳೇ ಹೋಗಿ ಬಿಡಿಸಿಕೊಳ್ಳಲು ನೋಡಿದಳು. ‘ನಿನ್ನ ಗಂಡ ಮೂರು ಸಲ ನಮ್ಮದಲ್ಲ ಎಂದು ಬರೆಸಿದ್ದಾನೆ, ತಾಯಿ. ನಿನ್ನದು ಒಂದು ಮಾತು, ಅವನದು ಮೂರು,’ ಎಂದ ದೊಡ್ಡಿಯವನು. ಹದಿನೈದು ದಿನಕ್ಕೆ ವಾರಸುದಾರರಿಲ್ಲದ ದನಗಳ ಸವಾಲು ಆಯಿತು. ಮುದುಕ ದನಗಾಹಿ ಬಂದಿದ್ದ. ಹೋದ ವರ್ಷ ಕೊಂಡ ಅವನ ಹೊಸ ಬೆಲ್ಲದ ಕರು ಅಷ್ಟರಲ್ಲಿ ಬೆಳ್ಳಗಾಗಿತ್ತು. ಅವನು ಈ ಕರುವಿನ ಭುಜ ಮುಟ್ಟಿ ನೋಡಿದ, ಒಂದೇ ಕೂಗಿಗೆ ಕೊಂಡ.

ಕೆಂದ ಬೆರಕೆ ಕರು ವಯಸ್ಸಿಗೆ ಬಂದ ಮೇಲೆ ರೈತ ಅದನ್ನು ಪಳಗಿಸಲು ನೋಡಿದ. ನೊಗ ಕುತ್ತಿಗೆಯ ಮೇಲೆ ನಿಲ್ಲದೆ ಜಾರಿತು. ಜಾರಿ ಜಾರಿ ಹುಣ್ಣಾಯಿತು. ಅದನ್ನು ಸುಮ್ಮನೆ ಕಟ್ಟಿ ಮೇಯಿಸಿದರು.

ಮುದುಕನ ಎರಡು ಬಿಳಿ ಹೋರಿಗಳು ಆ ಸೀಮೆಗೇ ಒಳ್ಳೆಯ ಜೋಡಿಯಾದವು. ಅವನು ಅವನ್ನು ಬಾಡಿಗೆಗೆ ಕಳಿಸುತ್ತಿದ್ದ. ರೈತ ಆ ಜೋಡಿಗೇ ಕಾದು ಕೂತಿರುತ್ತಿದ್ದ. ಅವು ಬರುವ ಹೊತ್ತಿಗೆ ಹದ ಆರಿರುತ್ತಿತ್ತು. ಸಂಜೆ ನೊಗ ಇಳಿಸಿದ ಕೂಡಲೇ ಎರಡರಲ್ಲಿ ಒಂದು ಎತ್ತು ನೆಟ್ಟಗೆ ರೈತನ ಮನೆಯ ಕೊಟ್ಟಿಗೆಗೆ ನಡೆದು, ಹಳೆಯ ಗೂಟದ ಹತ್ತಿರ ನಿಲ್ಲುತ್ತಿತ್ತು. ಹೆಂಡತಿ ಅದರ ಕುತ್ತಿಗೆ ತುರಿಸುತ್ತಿದ್ದಳು.

‘ಬಾಡಿಗೆ ಎತ್ತಿಗೆ ಎಷ್ಟು ಸಲಿಗೆ,’ ಎಂದು ರೈತ ಪ್ರತಿ ಸಲವೂ ಅದನ್ನು ಹೊರಗೆ ಅಟ್ಟುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಇಂಥ ಮನುಷ್ಯನೂ ಇರುತ್ತಾನೆಯೇ, ಗುರುಗಳೇ? ಹೆಂಡತಿ ಹೇಳಿದಳು, ಮುದುಕ ಹೇಳಿದ, ಗೌಡ ನಕ್ಕ. ಕೊನೆಗೆ ಕರುವೇ ಬಂದು ಕೈ ನೆಕ್ಕಿತು. ಒಂದೇ ಒಂದು ಸಲ ಆ ಸಂಚಿಯನ್ನು ಪಕ್ಕಕ್ಕಿಟ್ಟು ಕಣ್ಣು ಬಿಟ್ಟು ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?”

ಗುರುಗಳು ಶಿಷ್ಯನ ಮುಖವನ್ನೇ ನೋಡುತ್ತಾ ಕೇಳಿದರು.

“ಹೊರಗೆ ಜಗಲಿಯ ಮೇಲೆ ಕೂತಿದ್ದಾನಲ್ಲ ಪಾಲಯ್ಯ, ಅವನ ತಲೆಗೂದಲು ಈಗ ಯಾವ ಬಣ್ಣಕ್ಕಿದೆ, ಚನ್ನವೀರ?”

ಶಿಷ್ಯ ನೋಡಿ ಬರಲು ಎದ್ದ. ಜಗಲಿಯ ಕಡೆ ನಡೆದ.